ದೇವರುಂಟೆ? ಎರಡು ಪಕ್ಷಗಳ ವಾದ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿ ಲಿಂಗದಹಳ್ಳಿಯನ್ನು ಹಾದು ಬೆಟ್ಟದ ಸಾಲನ್ನು ಏರುತ್ತದೆ. ಅದೇ ತಾಲ್ಲೂಕಿನ ಅಮೃತಾಪುರದಲ್ಲಿ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವುಂಟು. ಗುಡಿಯನ್ನು ಕಂಡವರು, ಇದನ್ನು ಕಡೆದ ಶಿಲ್ಪಿಗಳಿದ್ದರೆಂದು ಯಾರ ಸಾಕ್ಷ್ಯವನ್ನೂ ಕೇಳದೆ ಒಪ್ಪುತ್ತಾರೆ. ಬೆಟ್ಟವನ್ನು ಕಂಡಾಗಲೂ ಹಾಗೆಯೇ ಒಪ್ಪಬೇಕೆ? ದೇವರ ಇರವನ್ನು ಕುರಿತ ಹಳೆಯ ವಾದವೊಂದು ಈ ಪ್ರಶ್ನೆಯಲ್ಲಿಯೇ ಅಡಗಿದೆ.

ಒಪ್ಪಬೇಕೆಂದವರು ನೈಯಾಯಿಕರು. ಮಡಕೆಯೆಂಬ ಕಾರ್ಯಕ್ಕೆ ಕುಂಬಾರನು ಕರ್ತ. ಜಗತ್ತೂ ಒಂದು ಕಾರ್ಯ. ಆದುದರಿಂದ ಅದಕ್ಕೂ ಬುದ್ಧಿಯುಳ್ಳ ಕರ್ತನೊಬ್ಬನಿರಬೇಕು. ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಈ ಪಕ್ಷವನ್ನು ಬಲವಾಗಿ ಸ್ಥಾಪಿಸಿದರು.

ಉದಯನರಿಗಿಂತ ಮೊದಲೇ ಕನ್ನಡನಾಡಿನಲ್ಲಿ ಇದಕ್ಕೆ ಎದುರು ಪ್ರಶ್ನೆಗಳು ಹುಟ್ಟಿದ್ದುವು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತನ ವಾದವನ್ನು ಖಂಡಿಸಿದ್ದಾರೆ. ಲೋಕವೇ ಇಲ್ಲದಾಗ ಕರ್ತನು ಎಲ್ಲಿದ್ದನು? ಸಾಮಗ್ರಿಯನ್ನು ಎಲ್ಲಿಂದ ತಂದನು? ಯಾವ ಕೊರತೆಯೂ ಇಲ್ಲದವನಿಗೆ ಸೃಷ್ಟಿಸುವ ಬಯಕೆ ಏಕೆ ಬಂದಿತು? ಜೈನರು ಹೇಳುವಂತೆ ಲೋಕವು ಅನಾದಿ. ಅದಕ್ಕೆ ಕರ್ತನು ಬೇಕಾಗಿಲ್ಲ.

ಇನ್ನೂ ವಿಶೇಷವಾದುದು ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜಾಚಾರ್ಯರ ಮಾತು. ಅವರು ಪರಮ ಆಸ್ತಿಕರು. ಆದರೂ ‘ಶ್ರೀಭಾಷ್ಯ’ದಲ್ಲಿ ಅವರು ಕುಂಬಾರನ ದೃಷ್ಟಾಂತವನ್ನು ಒಪ್ಪುವುದಿಲ್ಲ. ಜಗತ್ತೆಲ್ಲ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆಯಿತೆಂದು ಊಹೆಯಿಂದ ತಿಳಿಯುವುದು ಹೇಗೆ? ನಾವು ಕಂಡ ಕರ್ತರೆಲ್ಲ ದೇಹವುಳ್ಳವರಲ್ಲವೆ? ಈಶ್ವರನನ್ನು ತಿಳಿಸುವುದು ಶಾಸ್ತ್ರವೇ ಹೊರತು ಅನುಮಾನವಲ್ಲ ಎಂಬುದು ಅವರ ನಿಲುವು.

ಎರಡನೆಯ ವಾದ ದುಃಖವನ್ನು ಕುರಿತದ್ದು. ದೇವರು ಕರುಣಾಳುವಾದರೆ ಎಳೆಯ ಮಗು ಏಕೆ ಸಾಯಬೇಕು? ‘ಬ್ರಹ್ಮಸೂತ್ರ’ವೇ ಈ ಆಕ್ಷೇಪವನ್ನು ಎತ್ತಿಕೊಂಡು ಕರ್ಮದ ಸಮಾಧಾನವನ್ನು ಹೇಳುತ್ತದೆ. ಮಳೆ ಎಲ್ಲಕ್ಕೂ ಒಂದೇ, ಬೆಳೆಯ ಭೇದ ಬೀಜದಿಂದ ಎಂದು ಶಂಕರರು ಅದನ್ನು ವಿವರಿಸುತ್ತಾರೆ. ಕರ್ಮವೇ ಫಲ ಕೊಡುವುದಾದರೆ ನಡುವೆ ಈಶ್ವರನೇಕೆ ಎಂದು ಪ್ರತಿಪಕ್ಷ ಕೇಳುತ್ತದೆ. ಜಡವಾದ ಕರ್ಮ ತಾನಾಗಿ ಫಲವನ್ನು ಹಂಚಲಾರದೆಂದು ಆಸ್ತಿಕರು ಉತ್ತರಿಸುತ್ತಾರೆ.

ಡಾರ್ವಿನ್ನರ 1859ರ ಗ್ರಂಥದ ಮೇಲೆ ಮೊದಲನೆಯ ವಾದಕ್ಕೆ ಹೊಸ ಪೆಟ್ಟು ಬಿದ್ದಿತು. ಜೀವಿಗಳ ಅಂಗಾಂಗಗಳ ಅಚ್ಚುಕಟ್ಟಿಗೆ ಶಿಲ್ಪಿಯೊಬ್ಬನು ಬೇಕಿಲ್ಲ. ಪ್ರಕೃತಿಯ ಆಯ್ಕೆಯಿಂದ ಅದು ಮೆಲ್ಲನೆ ಒದಗಬಲ್ಲುದೆಂದು ತಿಳಿಯಿತು. ಆದರೆ ಪ್ರಕೃತಿಯ ನಿಯಮವಾದರೂ ಏಕೆ ಇದೆಯೆಂಬ ಪ್ರಶ್ನೆ ಉಳಿದೇ ಇದೆ.

ಒಂದು ವಾದ ಬಿದ್ದಮಾತ್ರಕ್ಕೆ ದೇವರಿಲ್ಲವೆಂದು ಸಿದ್ಧವಾಗುವುದಿಲ್ಲ; ಆ ವಾದ ಅಷ್ಟು ದೂರ ಒಯ್ಯಲಾರದೆಂದು ಮಾತ್ರ ಸಿದ್ಧವಾಗುತ್ತದೆ. ಆದುದರಿಂದ ಮನೆಯ ಹುಡುಗನು ‘ದೇವರನ್ನು ಮಾಡಿದವರು ಯಾರು?’ ಎಂದರೆ ಅವನನ್ನು ಗದರಿಸಬೇಕಾಗಿಲ್ಲ. ಜಿನಸೇನರು ಕೇಳಿದ, ರಾಮಾನುಜರು ತೂಗಿ ನೋಡಿದ ಪ್ರಶ್ನೆಗಳ ಜಾತಿಗೆ ಅದು ಸೇರಿದೆ. ಹುಡುಗನೂ ಒಂದು ಮಾತನ್ನು ನೆನೆಯಬೇಕು: ಸಂಜೆ ದೀಪ ಹಚ್ಚುವ ಅಜ್ಜಿ ಕುಂಬಾರನ ದೃಷ್ಟಾಂತವನ್ನು ನಂಬಿ ಹಚ್ಚಿದವಳಲ್ಲ, ಅದನ್ನು ಮುರಿದರೆ ಅವಳಿಗೆ ಉತ್ತರ ಕೊಟ್ಟಂತಾಗುವುದಿಲ್ಲ.