ಸಂಸತ್ ಭವನದ ಹತ್ತಿರವೇ ಇದೆ 'ಸತ್ಯದ ಗೋಡೆ': ಏನಿದು 1984ರ ಸಿಖ್ ಸ್ಮಾರಕ?

ನವದೆಹಲಿ: ಸಂಸತ್ ಭವನದ ಸಮೀಪದಲ್ಲಿರುವ ಗುರುದ್ವಾರ ರಕಾಬ್ ಗಂಜ್ ಸಾಹಿಬ್‌ಗೆ ಹೋದವರು ತಲೆಗೆ ಬಟ್ಟೆ ಕಟ್ಟಿಕೊಂಡು ನಮಸ್ಕರಿಸಿ, ಲಂಗರ್‌ನಲ್ಲಿ ಊಟ ಮಾಡಿ ಹೊರಡುತ್ತಾರೆ. ಅದೇ ಆವರಣದಲ್ಲಿ ಇನ್ನೊಂದು ಜಾಗವಿದೆ. ಅದರ ಹೆಸರು 'ಸಚ್ ದಿ ದೀವಾರ್', ಅಂದರೆ ಸತ್ಯದ ಗೋಡೆ. ಅದರ ಮೇಲಿರುವುದು ಹೆಸರುಗಳು.

1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿ ಅವರನ್ನು ಸಿಖ್ ಅಂಗರಕ್ಷಕರು ಗುಂಡಿಕ್ಕಿ ಕೊಂದರು. ನಂತರದ ದಿನಗಳಲ್ಲಿ ಸಿಖ್ಖರನ್ನು ಹುಡುಕಿ ಹುಡುಕಿ ಕೊಲ್ಲಲಾಯಿತು. ಸರ್ಕಾರಿ ಲೆಕ್ಕದಲ್ಲೇ ದೆಹಲಿಯೊಂದರಲ್ಲಿ ಸತ್ತವರು 2,733. ಲೆಕ್ಕ ಸಿಕ್ಕರೂ ಹೆಸರುಗಳಿಗೆ ಜಾಗ ಸಿಗಲು 32 ವರ್ಷ ಬೇಕಾಯಿತು. 2017ರ ಜನವರಿಯಲ್ಲಿ ಉದ್ಘಾಟನೆಯಾದ ಈ ಸ್ಮಾರಕವನ್ನು ಕಟ್ಟಿಸಿದ್ದು ಸರ್ಕಾರವಲ್ಲ, ದೆಹಲಿ ಸಿಖ್ ಗುರುದ್ವಾರ ನಿರ್ವಹಣಾ ಸಮಿತಿ.

ಇದೇ ಜಾಗ ಯಾಕೆ? 1984ರ ನವೆಂಬರ್ 1ರಂದು ಗುಂಪೊಂದು ಈ ಗುರುದ್ವಾರದ ಮೇಲೂ ದಾಳಿ ಮಾಡಿತ್ತು. ಇಬ್ಬರು ಸಿಖ್ಖರು ಇಲ್ಲೇ ಬೆಂಕಿಗೆ ಬಲಿಯಾದರು, ಅದೂ ಸಂಸತ್ತಿನಿಂದ ಕೂಗಳತೆಯಲ್ಲಿ!

ಜಾಗದ ಕಥೆ ಇನ್ನೂ ಹಳೆಯದು. 1675ರಲ್ಲಿ ಔರಂಗಜೇಬನ ಆಜ್ಞೆಯಂತೆ ಒಂಬತ್ತನೇ ಗುರು ತೇಗ್ ಬಹಾದ್ದೂರರ ಶಿರಚ್ಛೇದವಾದಾಗ, ಲಖಿ ಷಾ ವಣಜಾರಾ ಎಂಬ ವ್ಯಾಪಾರಿ ಗುರುಗಳ ದೇಹವನ್ನು ಗುಟ್ಟಾಗಿ ಇಲ್ಲಿಗೆ ತಂದ. ಚಿತೆ ಹಚ್ಚಿದರೆ ಸಿಕ್ಕಿಬೀಳುವ ಭಯ. ಹಾಗಾಗಿ ತನ್ನ ಮನೆಗೇ ಬೆಂಕಿ ಇಟ್ಟು ಅಂತ್ಯಸಂಸ್ಕಾರ ಮಾಡಿದ ಎಂಬುದು ಸಿಖ್ ಪರಂಪರೆಯ ನಂಬಿಕೆ. ಈತ ಬಂಜಾರ, ನಮ್ಮ ಕಡೆ ಲಂಬಾಣಿ ಎನ್ನುವ ಸಮುದಾಯದವನು.

ಗೋಡೆಯ ಜಗಳವೂ ಈ ಆವರಣಕ್ಕೆ ಹೊಸದಲ್ಲ. ಬ್ರಿಟಿಷರು ಹೊಸ ದೆಹಲಿ ಕಟ್ಟುವಾಗ ರಸ್ತೆಗಾಗಿ ಗುರುದ್ವಾರದ ಹೊರಗೋಡೆಯನ್ನು ಒಡೆದಿದ್ದರು. ಸಿಖ್ಖರು ಸಿಡಿದೆದ್ದರು, ಕೊನೆಗೆ ಗೋಡೆ ಮತ್ತೆ ಎದ್ದಿತು.

ನ್ಯಾಯ ಮಾತ್ರ ಆಮೆ ನಡಿಗೆ. ಸ್ಮಾರಕ ತೆರೆದ ಮರುವರ್ಷ, 2018ರ ಡಿಸೆಂಬರ್‌ನಲ್ಲಿ, ರಾಜ್ ನಗರದ ಐವರು ಸಿಖ್ಖರ ಹತ್ಯೆ ಪ್ರಕರಣದಲ್ಲಿ ಕಾಂಗ್ರೆಸ್ ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ದೆಹಲಿ ಹೈಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿತು. ತಂದೆ-ಮಗನ ಹತ್ಯೆಯ ಮತ್ತೊಂದು ಪ್ರಕರಣದ ಶಿಕ್ಷೆ ಬಂದಿದ್ದು 2025ರ ಫೆಬ್ರವರಿಯಲ್ಲಿ. ಗಂಡಂದಿರನ್ನು ಕಳೆದುಕೊಂಡ ಅನೇಕ ಮಹಿಳೆಯರಿಗೆ ಪಶ್ಚಿಮ ದೆಹಲಿಯ ತಿಲಕ್ ವಿಹಾರ್‌ನಲ್ಲಿ ಮನೆ ಕೊಡಲಾಗಿತ್ತು. ಆ ಬಡಾವಣೆಯನ್ನು ಜನ ಇಂದಿಗೂ 'ವಿಧವಾ ಕಾಲೋನಿ' ಎಂದೇ ಕರೆಯುತ್ತಾರೆ.