ಮುಖ ಕಾರಾಪುರದ್ದು, ದನಿ ಪರಊರಿನದು

ಶನಿವಾರ ನಸುಕಿನಲ್ಲೇ ಬೆಂಗಳೂರಿನ ಬ್ರೂಕ್‌ಫೀಲ್ಡ್, ಕುಂದಲಹಳ್ಳಿ ಕಡೆಯಿಂದ ಕಬಿನಿ ಸಫಾರಿಗೆ ಹೊರಡುವ ಕಾರುಗಳಲ್ಲಿ ಎಷ್ಟೋ ಕೊನೆಗೆ ನಿಲ್ಲುವುದು ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ಮೈಸೂರು ಮಹಾರಾಜರ ಬೇಟೆ ಬಂಗಲೆ ಇದ್ದ ಊರದು. ಈಗ ಆ ಬಂಗಲೆಯ ಆವರಣದಲ್ಲೇ ಜಂಗಲ್ ಲಾಡ್ಜಸ್‌ನ ವಸತಿಗೃಹವಿದೆ. ಹಾಲಿವುಡ್‌ನಲ್ಲಿ ತಾರೆಯಾಗಿ ಮೆರೆದ ಸಾಬು ಹುಟ್ಟಿದ್ದು ಇಲ್ಲೇ, 1924ರಲ್ಲಿ. ಮಾವುತನ ಮಗ ಅವನು.

ಅವನ ಮುಖ ಜಗತ್ತಿಗೆ ಪರಿಚಯವಾದದ್ದು ರಾಬರ್ಟ್ ಫ್ಲಾಹರ್ಟಿಯ 'ಎಲಿಫೆಂಟ್ ಬಾಯ್' ಚಿತ್ರದಿಂದ. 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಮಾಡಿ ಸಾಕ್ಷ್ಯಚಿತ್ರದ ಪಿತಾಮಹ ಎನಿಸಿಕೊಂಡವನು ಫ್ಲಾಹರ್ಟಿ. ಆದರೆ ಆ ಚಿತ್ರದ ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ. ಬಂದೂಕು ಬಲ್ಲ ಜನರ ಕೈಗೆ ಫ್ಲಾಹರ್ಟಿ ಭರ್ಜಿ ಕೊಟ್ಟು ಬೇಟೆಯಾಡಿಸಿದ್ದ. ದೂರದ ಜನ ಹೇಗಿದ್ದಾರೆ ಎನ್ನುವುದಕ್ಕಿಂತ ಹೇಗಿದ್ದರೆ ಪರದೆಗೆ ಚೆಂದ ಎಂಬ ಲೆಕ್ಕಾಚಾರ ಅಲ್ಲೇ ಶುರುವಾಗಿತ್ತು.

ಮೈಸೂರಿನಲ್ಲಿ ಫ್ಲಾಹರ್ಟಿ ಆನೆ, ಕಾಡು, ಖೆಡ್ಡಾ ಎಂದು ತಿಂಗಳುಗಟ್ಟಲೆ ರೀಲು ಸುತ್ತಿದ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾಗೆ ಬೇಕಿದ್ದದ್ದು ಕಿಪ್ಲಿಂಗ್‌ನ ಕತೆ. ಕೊನೆಗೆ ಕೋರ್ಡಾನ ತಮ್ಮ ಜೋಲ್ಟನ್ ಡೆನ್‌ಹಾಮ್ ಸ್ಟುಡಿಯೋದಲ್ಲಿ ಉಳಿದ ದೃಶ್ಯಗಳನ್ನು ತೆಗೆದ. ಹೀಗಾಗಿ ಹೊರಗಿನ ಕಾಡು ನಮ್ಮದು, ಸೆಟ್ಟಿನ ಕಾಡು ಇಂಗ್ಲೆಂಡಿನದು. ಆನೆಗಾರರ ಮುಖಂಡ ಮಚುವಾ ಅಪ್ಪನ ಪಾತ್ರ ಅಲನ್ ಜೀಸ್ ಎಂಬ ಇಂಗ್ಲಿಷ್ ನಟನಿಗೆ ಹೋಯಿತು. ಸಾಬು ಮಾತ್ರ ಅಸಲಿ. ಅವನೂ ಮಾತಾಡಬೇಕಾದದ್ದು ಹೊಸದಾಗಿ ಕಲಿತ ಇಂಗ್ಲಿಷಿನಲ್ಲೇ. 1937ರಲ್ಲಿ ವೆನಿಸ್ ಚಿತ್ರೋತ್ಸವ ಈ ಚಿತ್ರಕ್ಕೆ ನಿರ್ದೇಶನದ ಪ್ರಶಸ್ತಿ ಕೊಟ್ಟಿತು.

ಆನೆಗಳನ್ನು ಅಟ್ಟಿ ಆವರಣಕ್ಕೆ ತುಂಬುವ ಖೆಡ್ಡಾ ಕುರುಬರ ಕಾಡಿನ ತಿಳಿವಳಿಕೆಯಿಲ್ಲದೆ ನಡೆಯುತ್ತಿರಲಿಲ್ಲ. ಕ್ಯಾಮೆರಾಗಳಿಗೆ ಕಂಡದ್ದು ಮಾತ್ರ ಆನೆಯ ಹಿಂಡು, ಹೊಳೆ, ಗಣ್ಯರ ಅಟ್ಟಣೆ.

ಅದೇ ಕಾಲದಲ್ಲಿ ಎಂಜಿಎಂನ 'ಟ್ರಾವೆಲ್‌ಟಾಕ್ಸ್' ಕಿರುಚಿತ್ರಗಳು ಊರೂರಿಗೆ ಜಗತ್ತನ್ನು ಹಂಚುತ್ತಿದ್ದವು. 1930ರಿಂದ 1954ರವರೆಗೆ ಜೇಮ್ಸ್ ಫಿಟ್ಜ್‌ಪ್ಯಾಟ್ರಿಕ್ ಒಬ್ಬನೇ ಎಲ್ಲ ದೇಶಗಳ ಪರವಾಗಿಯೂ ಮಾತಾಡಿದ. ಸಂತೆಯವರು, ಪೂಜಾರಿಗಳು, ಮಕ್ಕಳು ತುಟಿ ಅಲ್ಲಾಡಿಸುತ್ತಾರೆ. ಕೇಳುವುದು ಅವನ ಕಂಠ. ಇದು ಬಿಳಿಯರ ಚಟವಷ್ಟೇ ಅಲ್ಲ. 1948ರಲ್ಲಿ ಹುಟ್ಟಿದ ನಮ್ಮದೇ ಫಿಲ್ಮ್ಸ್ ಡಿವಿಜನ್ ಕೂಡ ಟಾಕೀಸುಗಳಲ್ಲಿ ಕಡ್ಡಾಯವಾಗಿ ತೋರಿಸಿದ ಚಿತ್ರಗಳಲ್ಲಿ ಹಳ್ಳಿಯವರಿಗೆ ಮೈಕು ಕೊಟ್ಟದ್ದು ಅಪರೂಪ. ಮುಂಬಯಿಯಿಂದ ಬಂದ ಗಂಭೀರ ಗ್ರಾಂಥಿಕ ಕನ್ನಡದಲ್ಲಿ ರೈತನ ಸುಖದುಃಖವನ್ನು ರೈತನಿಗೇ ವಿವರಿಸಲಾಗುತ್ತಿತ್ತು!

ತುಸು ಬೇರೆ ದಾರಿ ಹಿಡಿದವನು ಇಟಲಿಯ ರೊಬೆರ್ಟೊ ರೊಸೆಲಿನಿ. 1956ರ ಕೊನೆಗೆ ಭಾರತಕ್ಕೆ ಬಂದ ಅವನ 'ಇಂಡಿಯಾ: ಮಾತೃಭೂಮಿ' 1959ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದರ ಒಂದು ಕತೆಯಲ್ಲಿ ಮಾವುತ ಯುವಕ ಬೊಂಬೆಯಾಟದವನ ಮಗಳಿಗೆ ಮನಸೋಲುತ್ತಾನೆ. ವೃತ್ತಿನಟರಿಲ್ಲ, ಬಣ್ಣ ಬಳಿದ ಇಂಗ್ಲಿಷರಿಲ್ಲ. ಆನೆಗೆ ಸ್ನಾನ ಮಾಡಿಸಿ, ಮೇವು ಹಾಕುವಷ್ಟರಲ್ಲಿ ಮಾವುತನಿಗೆ ತನ್ನ ಬದುಕಿಗೆ ಬಿಡುವೇ ಸಿಗದು ಎಂಬ ದಣಿವು ಅಲ್ಲಿ ಕಾಣುತ್ತದೆ. ಹಾಗಿದ್ದೂ 'ನಾನು' ಎಂದು ಮಾತಾಡುವ ಆ ಮಾವುತನ ಮನದ ಮಾತು ಕೇಳಿಸುವುದು ಯುರೋಪಿನ ಭಾಷೆಯಲ್ಲೇ.

ನಮ್ಮ ಕಾಲಕ್ಕೆ ಬಂದರೆ, 2019ರ 'ವೈಲ್ಡ್ ಕರ್ನಾಟಕ'ದ ನಿರ್ದೇಶಕರು ನಮ್ಮವರೇ ಆದ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ. ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು, ಕನ್ನಡದ್ದು ರಿಷಬ್ ಶೆಟ್ಟಿ ಅವರದು. ವನ್ಯಜೀವಿ ಚಿತ್ರವಾದ್ದರಿಂದ ಕಾಡಿನ ಜನರ ಕತೆ ಅಲ್ಲಿಲ್ಲ. ಆನೆ ಸಾಕುವವರೇ ಬಾಯಿಬಿಟ್ಟು ತಮ್ಮ ಕತೆ ಹೇಳಿಕೊಂಡ 'ದಿ ಎಲಿಫೆಂಟ್ ವಿಸ್ಪರರ್ಸ್' 2023ರಲ್ಲಿ ಆಸ್ಕರ್ ಗೆದ್ದಿತು. ಅದರ ಬೊಮ್ಮನ್, ಬೆಳ್ಳಿ ದಂಪತಿ ಕಾಟುನಾಯಕರು; ಬಂಡೀಪುರದ ಗಡಿಗೆ ಹೊಂದಿಕೊಂಡ ಮುದುಮಲೆಯವರು.