ಮೊದಲು ಗೋಡೆ, ಆಮೇಲೆ ಚಿತ್ತಾರ

ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾಗುವ ಹೊತ್ತಿಗೆ ಮಲೆನಾಡಿನ ಮಣ್ಣಿನ ಮನೆಯಲ್ಲಿ ಒಂದು ಸುತ್ತು ಕೆಲಸ ಕಾದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆದ ಇರಚಲಿಗೆ ಜಗುಲಿಯ ಅಂಚು ಕರಗಿರುತ್ತದೆ. ಗೋಡೆಯ ಬುಡದ ಮಣ್ಣು ಹಕ್ಕಳೆ ಎದ್ದಿರುತ್ತದೆ. ಒಲೆಯ ಹೊಗೆಗೆ ಅಡುಗೆಮನೆ ಮಸಿ ಹಿಡಿದಿರುತ್ತದೆ. ಬಿರುಕಿಗೆ ಮಣ್ಣು ಮೆತ್ತಬೇಕು, ನೆಲ ಸಾರಿಸಬೇಕು, ಗೋಡೆಗೆ ಕೆಮ್ಮಣ್ಣು ಬಳಿಯಬೇಕು. ಇಷ್ಟೆಲ್ಲ ಆಗಿ, ಬಳಿದದ್ದು ಒಣಗಿದ ಮೇಲೆ ಮನೆಯ ಹೆಂಗಸರು ಅಕ್ಕಿ ಅರೆದ ಬಿಳಿಯ ಬಣ್ಣದ ಬಟ್ಟಲು ಹಿಡಿದು ಗೋಡೆಯ ಮುಂದೆ ಕೂರುತ್ತಾರೆ. ಹಸೆ ಚಿತ್ತಾರ ಶುರುವಾಗುವುದು ಅಲ್ಲಿ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಸೀಮೆಯಲ್ಲಿ, ಘಟ್ಟದ ಅಂಚಿನ ಸಿದ್ದಾಪುರದ ಕಡೆಯಲ್ಲಿ ದೀವರು ಎಂಬ ಸಮುದಾಯದ ಮನೆಗಳು ಕಾಪಾಡಿಕೊಂಡು ಬಂದ ಕಲೆ ಇದು. ಈಗ ಕಲಾಮೇಳಗಳಲ್ಲಿ, ಸೀರೆಯ ಸೆರಗಿನಲ್ಲಿ, ನಗರದ ಮನೆಗಳ ಚೌಕಟ್ಟಿನೊಳಗೆ ಇದನ್ನು ಕಂಡವರು ಬಹಳ ಮಂದಿ. ಹಾಗೆ ಕಂಡವರಿಗೆ ಇದೊಂದು ಚಿತ್ರಕಲೆ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಮುಖ್ಯವಾದದ್ದು ಕೈತಪ್ಪುತ್ತದೆ. ಚಿತ್ತಾರ ಮನೆ ಒಪ್ಪ ಮಾಡುವ ಕೆಲಸದ ಕೊನೆಯ ಹಂತ. ಗೋಡೆ ಸರಿಮಾಡಿದ ಕೈಯೇ ಗೆರೆಯನ್ನೂ ಎಳೆಯುತ್ತದೆ. ಬಣ್ಣ ಬರುವುದೂ ಅಡುಗೆಮನೆ ಮತ್ತು ಸುತ್ತಲಿನ ನೆಲ, ಕಾಡಿನಿಂದಲೇ. ಹಾಗಾಗಿ ಇದನ್ನು ಪರಿಚಯಿಸಲು ನಾನು ಗೋಡೆಯಿಂದಲೇ ಹೊರಡುತ್ತೇನೆ.

ಮಣ್ಣಿನ ಗೋಡೆಗೆ ಉಪಚಾರ ಬೇಕು. ನೀರು ತಾಗಿದರೆ ಕರಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಇದಕ್ಕೆ ಮೊದಲ ರಕ್ಷಣೆ ಮುಂದಕ್ಕೆ ಚಾಚಿದ ಸೂರು. ಹುಲ್ಲು ಅಥವಾ ಅಡಿಕೆ ಸೋಗೆ ಹೊದಿಸಿದ ಮಾಡು ಕೆಳಕ್ಕೆ ಇಳಿದಷ್ಟೂ ಗೋಡೆಗೆ ಕ್ಷೇಮ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಂದಿನ ದಶಕಗಳಲ್ಲಿ ಆ ಹೆಂಚು ಘಟ್ಟ ಹತ್ತಿ ಬಂತು. ವರ್ಷವರ್ಷವೂ ಮಾಡು ಹೊದಿಸುವ ಕೆಲಸ ತಪ್ಪಿತು, ಆದರೆ ಗೋಡೆಯ ಕೆಲಸ ತಪ್ಪಲಿಲ್ಲ. ಕೆಮ್ಮಣ್ಣನ್ನು ಕುಟ್ಟಿ, ಕಲ್ಲು ಬೇರು ಆರಿಸಿ, ಜರಡಿ ಹಿಡಿದು ನೀರಿನಲ್ಲಿ ನೆನೆಹಾಕುತ್ತಾರೆ. ಒರಟು ಭಾಗ ತಳಕ್ಕೆ ಕೂತ ಮೇಲೆ ಮೇಲಿನ ನುಣುಪಾದ ಕೆಸರನ್ನು ಹಳೆಯ ಬಟ್ಟೆಯ ತುಂಡಿನಲ್ಲಿ ಅದ್ದಿ ಬಳಿಯುತ್ತಾರೆ. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಹಸಿಯಾಗಿದ್ದಾಗ ಗಾಢವಾಗಿ ಕಾಣುವ ಕೆಂಪು ಒಣಗಿದ ಮೇಲೆ ತಿಳಿಯಾಗುತ್ತದೆ. ಬಿಳಿಯ ಗೆರೆ ಎದ್ದು ಕಾಣುವುದು ಆ ತಿಳಿಗೆಂಪಿನ ಮೇಲೆ.

ಬಣ್ಣಗಳು ನಾಲ್ಕೇ. ಕೆಂಪು ಗೋಡೆಯ ಮಣ್ಣಿನದು. ಬಿಳಿ ನೆನೆಸಿದ ಅಕ್ಕಿಯದು. ಹಳದಿ ಕಾಡಿನಲ್ಲಿ ಸಿಗುವ ಗುರಗೆ ಕಾಯಿಯದು. ಕಪ್ಪಿನ ಬಗೆ ನನಗೆ ಯಾವತ್ತೂ ಅಚ್ಚರಿ. ಅದೂ ಅಕ್ಕಿಯಿಂದಲೇ ಬರುತ್ತದೆ. ಬಾಣಲೆಗೆ ಅಕ್ಕಿ ಹಾಕಿ ಹುರಿಯುತ್ತಾ ಹೋದರೆ ಮೊದಲು ಹೊಂಬಣ್ಣ ಬರುತ್ತದೆ, ಆಮೇಲೆ ಕಂದು. ಅಡುಗೆಗಾದರೆ ಅಲ್ಲಿಗೆ ಇಳಿಸಬೇಕು. ಚಿತ್ತಾರಕ್ಕೆ ಇನ್ನೂ ಬಿಡಬೇಕು. ಕಾಳು ಹೊಗೆಯಾಡಿ, ಉಬ್ಬಿ, ಪೂರ್ತಿ ಕರಿಯಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟಾಗಬೇಕು. ಅದನ್ನು ನೀರಿನಲ್ಲಿ ನೆನೆಸಿ ಅರೆದರೆ ಹೊಳಪಿಲ್ಲದ, ಕಣ್ಣಿಗೆ ಮೃದುವಾದ ಒಂದು ಕಪ್ಪು ಸಿಗುತ್ತದೆ. ಅಂಗಡಿಯ ಡಬ್ಬಿಯ ಕಪ್ಪು ಗೋಡೆಯ ಮೇಲೆ ತೂತು ಬಿದ್ದಂತೆ ಕಾಣುತ್ತದೆ, ಈ ಕಪ್ಪು ಮಣ್ಣಿನ ಜೊತೆ ಹೊಂದಿಕೊಳ್ಳುತ್ತದೆ.

ಕುಂಚ ಪುಂಡಿ ನಾರಿನದು. ಎಳೆಗಳನ್ನು ಒಟ್ಟುಮಾಡಿ ತುದಿಯನ್ನು ಜಜ್ಜಿ ಬಿಡಿಸಿಕೊಳ್ಳುತ್ತಾರೆ. ದಪ್ಪ ಗೆರೆಗೆ ದಪ್ಪ ಕಟ್ಟು, ಸಣ್ಣ ಗೆರೆಗೆ ನಾಲ್ಕಾರು ಎಳೆ. ಈ ನಾರು ಬಣ್ಣವನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ, ಹಾಗಾಗಿ ಒಂದೇ ಅದ್ದಿಗೆ ಉದ್ದನೆಯ ಗೆರೆ ಬರುತ್ತದೆ. ಚಿತ್ತಾರದಲ್ಲಿ ಉದ್ದನೆಯ ಗೆರೆಯೇ ಪ್ರಾಣ. ಒಂದೆಳೆ, ಎರಡೆಳೆ ಎಂದು ಎಣಿಸುತ್ತಾ ಸಮನಾದ ಅಂತರದಲ್ಲಿ ಗೆರೆಗಳು ಸಾಗಬೇಕು. ಮೊದಲು ಹೊರಗಿನ ಚೌಕಟ್ಟು, ಆಮೇಲೆ ಒಳಗಿನ ಮನೆಗಳು, ಅವುಗಳೊಳಗೆ ಹೂವಿನ ಸಾಲು, ಬಾಸಿಂಗ, ತೇರು, ಪಲ್ಲಕ್ಕಿ, ಭತ್ತದ ತೆನೆ, ಹಕ್ಕಿ, ಗೊಂಬೆ. ಪಳಗಿದವರು ಅಳತೆಕೋಲು ಇಟ್ಟುಕೊಳ್ಳುವುದಿಲ್ಲ. ಬೆರಳು, ಗೇಣು ಇವೇ ಅಳತೆ. ಗೋಡೆಗೆ ಮುಖ ಹತ್ತಿರ ತಂದು ನೋಡಿದರೆ ಗೆರೆ ಒಂದಿಷ್ಟು ನಡುಗಿರುವುದು, ಕುಂಚವನ್ನು ಮತ್ತೆ ಅದ್ದಿದ ಜಾಗದಲ್ಲಿ ಬಿಳುಪು ಒಂದು ಕೂದಲಷ್ಟು ದಪ್ಪವಾಗಿರುವುದು ತಿಳಿಯುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಆ ನಡುಕ ಕಾಣುವುದಿಲ್ಲ, ಇಡೀ ಚಿತ್ತಾರಕ್ಕೆ ಒಂದು ಜೀವಕಳೆ ಬಂದಿರುತ್ತದೆ. ಕಂಪ್ಯೂಟರಿನಲ್ಲಿ ಎಳೆದು ಅಚ್ಚು ಹಾಕಿದ ಚಿತ್ತಾರಗಳಲ್ಲಿ ನನಗೆ ಸಿಗದೆ ಹೋಗುವುದು ಇದೇ.

ಇದನ್ನು ವರ್ಲಿ ಎಂದುಕೊಳ್ಳುವವರು ಇದ್ದಾರೆ. ಎರಡೂ ಕೆಂಪು ಮಣ್ಣಿನ ಮೇಲೆ ಅಕ್ಕಿಯ ಬಿಳುಪಿನಿಂದ ಮೂಡುವುದರಿಂದ ಹಾಗನ್ನಿಸುವುದು ಸಹಜ. ಆದರೆ ಮಹಾರಾಷ್ಟ್ರದ ವರ್ಲಿಯಲ್ಲಿ ತ್ರಿಕೋನ ಮೈಯ ಮನುಷ್ಯರು ಬೇಟೆಯಾಡುತ್ತಾರೆ, ಉಳುತ್ತಾರೆ, ಸುತ್ತು ಕಟ್ಟಿ ಕುಣಿಯುತ್ತಾರೆ. ಅಲ್ಲಿ ಕಥೆ ನಡೆಯುತ್ತಿರುತ್ತದೆ. ಹಸೆ ಚಿತ್ತಾರದಲ್ಲಿ ಗೊಂಬೆಗಳು ಇದ್ದರೂ ಅವು ಚೌಕಟ್ಟಿನೊಳಗೆ ತಮ್ಮ ಜಾಗ ಹಿಡಿದು ನಿಂತಿರುತ್ತವೆ. ಇಲ್ಲಿ ಆಳುವುದು ಗೆರೆಯ ಲೆಕ್ಕ.

ಚಿತ್ತಾರಕ್ಕೆ ಸಂದರ್ಭಗಳಿವೆ. ದೊಡ್ಡದು ಮದುವೆ. ಗಂಡು ಹೆಣ್ಣು ಹಸೆಗೆ ಕೂರುವ ಜಾಗದ ಗೋಡೆಯೇ ಹಸೆಗೋಡೆ. ಮನೆಯವರ ಕೈ ಸಾಲದಿದ್ದರೆ ಊರಿನಲ್ಲಿ ಹೆಸರಾದ ಚಿತ್ತಾರಗಿತ್ತಿಯನ್ನು ಕರೆಸುತ್ತಾರೆ. ಆಕೆ ಎಳೆಯುತ್ತಾಳೆ, ಹುಡುಗಿಯರು ಬಣ್ಣ ಅರೆದುಕೊಡುತ್ತಾರೆ, ಸಣ್ಣ ಪುಟ್ಟ ಜಾಗ ತುಂಬುತ್ತಾರೆ, ಹಾಡು ಹೇಳುತ್ತಾರೆ. ಕಲಿಯುವುದು ಹೀಗೆಯೇ. ತುಂಬುವ ಕೆಲಸದಿಂದ ಗೆರೆಯ ಕೆಲಸಕ್ಕೆ, ಅಂಚಿನಿಂದ ನಡುವಿಗೆ. ಹಬ್ಬಕ್ಕೆ ಬಾಗಿಲ ಅಕ್ಕಪಕ್ಕ, ಜಗುಲಿಯ ಗೋಡೆ, ಭತ್ತ ತುಂಬುವ ಪಣತದ ಮೇಲೂ ಚಿಕ್ಕ ಚಿತ್ತಾರಗಳು ಬರುತ್ತವೆ.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಭೂಮಣ್ಣಿ ಬುಟ್ಟಿಯ ಮೇಲೆ. ಆಶ್ವಯುಜದ ಹುಣ್ಣಿಮೆಯೇ ಭೂಮಿ ಹುಣ್ಣಿಮೆ, ಬಯಲುಸೀಮೆಯವರ ಸೀಗೆ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯ ಭತ್ತ ಹೊಡೆ ತುಂಬಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು ಎಂಬುದು ಹಬ್ಬದ ಭಾವ. ಊಟ ಗದ್ದೆಗೆ ಹೋಗುವುದು ಬುಟ್ಟಿಯಲ್ಲಿ. ಅಂಥಿಂಥ ಬುಟ್ಟಿಯಲ್ಲಿ ಹೋಗುವಂತಿಲ್ಲ. ವಿಜಯದಶಮಿಯ ಹೊತ್ತಿಗೆ ಬಿದಿರಿನ ಬುಟ್ಟಿಗೆ ಸಗಣಿ ಮೆತ್ತಿ, ಒಣಗಿಸಿ, ಕೆಮ್ಮಣ್ಣು ಬಳಿದು ಸಿದ್ಧ ಮಾಡುತ್ತಾರೆ. ಹುಣ್ಣಿಮೆಗೆ ಉಳಿದಿರುವುದು ಐದಾರು ದಿನ. ಗದ್ದೆ, ಕೊಟ್ಟಿಗೆ, ಅಡುಗೆ ಎಲ್ಲ ಮುಗಿಸಿದ ಮೇಲೆ ಮಧ್ಯಾಹ್ನದ ಬಿಡುವಿನಲ್ಲೋ ರಾತ್ರಿ ದೀಪದ ಬೆಳಕಿನಲ್ಲೋ ಕೂತು ಅಷ್ಟರೊಳಗೆ ಚಿತ್ತಾರ ಮುಗಿಸಬೇಕು. ಬುಟ್ಟಿ ಎರಡು. ದೊಡ್ಡದರಲ್ಲಿ ಪೂಜೆಯ ಸಾಮಾನು, ಕಡುಬು, ಮನೆಯವರ ಬುತ್ತಿ. ಚಿಕ್ಕದು ಹಚ್ಚಂಬಲಿಯದು. ಹಲವು ಬಗೆಯ ಸೊಪ್ಪು ಬೇಯಿಸಿ ಮಾಡಿದ ಆ ಅಡುಗೆಯನ್ನು ನಸುಕಿನಲ್ಲಿ ಗದ್ದೆಯ ತುಂಬ ಚರಗ ಚೆಲ್ಲುತ್ತಾರೆ. ಹೊಡೆ ತುಂಬಿದ ಪೈರಿಗೆ ಮನೆಯ ಒಡವೆ ತೊಡಿಸಿ ಪೂಜೆ ಮಾಡುವ ವಾಡಿಕೆಯೂ ಇದೆ.

ಗೋಡೆ ಸಮತಟ್ಟು, ಬುಟ್ಟಿ ಹಾಗಲ್ಲ. ಕೆಳಗೆ ಕಿರಿದು, ಬಾಯಿ ಅಗಲ. ಬುಡದಲ್ಲಿ ಸಮನಾಗಿ ಹಂಚಿದ ಮನೆಗಳು ಬಾಯಿಗೆ ಬರುವಾಗ ಹಿಗ್ಗುತ್ತವೆ. ಸುತ್ತು ಬಂದ ಪಟ್ಟಿ ಹೊರಟ ಜಾಗಕ್ಕೇ ಬಂದು ಸೇರಬೇಕು, ಅರ್ಧ ಹೂವು ಉಳಿಯಬಾರದು. ಇದಕ್ಕೆಂದು ಬುಟ್ಟಿಯನ್ನು ಮೊದಲೇ ಅಡ್ಡಗೆರೆಗಳಿಂದ ಪಟ್ಟಿ ಮಾಡಿ, ಉದ್ದಗೆರೆಗಳಿಂದ ಪಾಲು ಮಾಡಿಕೊಳ್ಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯ ಹೆಂಗಸರು ಕಾಗದ, ಕೈವಾರ ಯಾವುದೂ ಇಲ್ಲದೆ ಈ ಹಂಚಿಕೆ ಮಾಡುತ್ತಾ ಬಂದಿದ್ದಾರೆ. ಜಾನಪದ ಎಂಬ ಮಾತಿನಲ್ಲಿ ನಾವು ಇದನ್ನು ಬರೀ ಮುಗ್ಧತೆ ಎಂದು ಎಣಿಸುವುದು ದೊಡ್ಡ ಅನ್ಯಾಯ. ಇದು ಕಲಿತು, ತಿದ್ದಿ, ರೂಢಿಸಿಕೊಂಡ ಗಣಿತ.

ಈ ಗದ್ದೆಗಳ ಚರಿತ್ರೆಯನ್ನು ಬಿಟ್ಟು ಚಿತ್ತಾರದ ಮಾತಾಡುವುದು ಸರಿಯಲ್ಲ. ದೀವರಲ್ಲಿ ಬಹಳ ಮಂದಿ ಗೇಣಿದಾರರಾಗಿದ್ದರು. ಒಡೆಯರು ಗೇಣಿ ಅಳೆಯುತ್ತಿದ್ದ ಕೊಳಗದ ಅಳತೆಯೇ ಜಗಳದ ಕೇಂದ್ರವಾಗಿ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಉಳುವವರಿಗೆ ನೆಲ ಸಿಕ್ಕಿತು. ಅಂದರೆ ತಲೆಮಾರುಗಳ ಕಾಲ ಈ ಹೆಂಗಸರು ಬಯಕೆಯ ಬುಟ್ಟಿ ಹೊತ್ತು ಹೋದದ್ದು ತಮ್ಮ ಹೆಸರಿನಲ್ಲಿಲ್ಲದ ನೆಲಕ್ಕೆ. ಇನ್ನೊಂದು ನಷ್ಟವೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಊರೂರೇ ಎದ್ದು ಹೋಗಬೇಕಾಯಿತು. ಪಾತ್ರೆ, ದನ, ಹೆಂಚು, ಬಾಗಿಲು ಬಿಚ್ಚಿ ಸಾಗಿಸಿದರು. ಚಿತ್ತಾರದ ಗೋಡೆಯನ್ನು ಬಿಚ್ಚಿ ಒಯ್ಯಲು ಬರುವುದಿಲ್ಲ. ಹೊಸ ಜಾಗದಲ್ಲಿ ಹೊಸ ಗೋಡೆ ಎದ್ದು, ಮತ್ತೆ ಕೆಮ್ಮಣ್ಣು ಹುಡುಕಿ ಬಳಿದಾಗಲೇ ಅದು ಮರಳಿ ಬಂದದ್ದು.

ಕೈಗೆ ನೆಲ ಬಂದ ಮೇಲೆ, ನಾಲ್ಕು ಕಾಸು ಕೂಡಿದ ಮೇಲೆ ಜನ ಸಿಮೆಂಟಿನ ಮನೆ ಕಟ್ಟಿದರು. ಅದರಲ್ಲಿ ತಪ್ಪು ಕಾಣುವ ಹಕ್ಕು ಹೊರಗಿನವರಿಗೆ ಇಲ್ಲ. ವರ್ಷವರ್ಷ ಮಣ್ಣು ಹೊತ್ತು, ನೀರು ಹೊತ್ತು ಬೆನ್ನು ಬಗ್ಗಿಸಿದವರು ಹೆಂಗಸರೇ. ಆ ದುಡಿಮೆ ಕಡಿಮೆಯಾದರೆ ಸಂತೋಷವೇ. ಆದರೆ ಎಣ್ಣೆಬಣ್ಣ ಬಳಿದ ನುಣುಪು ಗೋಡೆಯ ಮೇಲೆ ಅಕ್ಕಿಯ ಬಣ್ಣ ನಿಲ್ಲುವುದಿಲ್ಲ. ಮಣ್ಣಿನ ಗೋಡೆ ಒರಟಾಗಿರುತ್ತದೆ, ನೀರು ಹೀರುತ್ತದೆ. ಅಕ್ಕಿಯ ಗಂಜಿಯಂಶ ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಗೋಡೆ ಬದಲಾದಾಗ ಚಿತ್ತಾರ ನೆಲೆ ತಪ್ಪಿತು.

ಹಾಗೆ ನೆಲೆ ತಪ್ಪಿದ್ದು ಕಾಗದಕ್ಕೂ ಬಟ್ಟೆಗೂ ಹತ್ತಿತು. ಬಿಹಾರದ ಮಿಥಿಲೆಯಲ್ಲಿ ಇದು ಮೊದಲೇ ಆಗಿತ್ತು. 1966-67ರ ಬರದಲ್ಲಿ ಅಲ್ಲಿನ ಹೆಂಗಸರಿಗೆ ಸಂಪಾದನೆ ಆಗಲೆಂದು ಪುಪುಲ್ ಜಯಕರ್ ಅವರು ಕಲಾವಿದ ಭಾಸ್ಕರ ಕುಲಕರ್ಣಿಯವರನ್ನು ಕಳುಹಿಸಿದರು. ಗೋಡೆಯ ಮೇಲಿದ್ದದ್ದು ಕಾಗದಕ್ಕೆ ಇಳಿಯಿತು, ಮಧುಬನಿ ಎಂಬ ಹೆಸರು ಲೋಕಕ್ಕೆ ತಿಳಿಯಿತು. ಸಾಗರದ ಸುತ್ತಲಿನ ಕಲಾವಿದರೂ ಈಗ ಕಾಗದಕ್ಕೆ, ಬಟ್ಟೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಎಳೆಯುತ್ತಾರೆ. ಗಂಡಸರೂ ಕಲಿತಿದ್ದಾರೆ. ಕಮ್ಮಟಗಳು ನಡೆಯುತ್ತವೆ. ಇದರಿಂದ ಕೆಲವು ಮನೆಗಳಿಗೆ ವರಮಾನ ಬಂದಿದೆ, ಕಲೆಗೆ ಹೆಸರು ಬಂದಿದೆ. ನನಗೆ ಇದು ಒಪ್ಪಿಗೆ. ಅದರ ಜೊತೆಗೆ ಒಂದು ಒತ್ತಾಯವೂ ಇದೆ: ಪ್ರತಿ ಮನೆಯಲ್ಲೂ ಒಂದು ಗೋಡೆ ಉಳಿಯಲಿ. ಸಿಮೆಂಟಿನ ಮನೆಯ ಜಗುಲಿಯಲ್ಲೂ ಬಾಗಿಲ ಪಕ್ಕದ ಒಂದಾಳುದ್ದದ ಜಾಗಕ್ಕೆ ಎಣ್ಣೆಬಣ್ಣ ಹಾಕದೆ ಬಿಟ್ಟರೆ, ಸಗಣಿ ಕೆಮ್ಮಣ್ಣು ಮೆತ್ತಿದರೆ ಸಾಕು. ಮಗಳು ತಾಯಿಯ ಪಕ್ಕದಲ್ಲಿ ಕೂತು ಕಲಿಯಲು ಅಷ್ಟು ಜಾಗ ಬೇಕು. ಕಾಗದದ ಮೇಲೆ ಒಬ್ಬರೇ ಕೂತು ಎಳೆಯಬಹುದು, ಗೋಡೆಗೆ ನಾಲ್ಕು ಜನ ಬೇಕಾಗುತ್ತಾರೆ.

ಕೊಳ್ಳುವವರಿಗೆ ಒಂದು ಮಾತು. ಭೂಮಣ್ಣಿ ಬುಟ್ಟಿಯಾಗಲಿ ಚಿತ್ತಾರವಾಗಲಿ, ಮಾಡಿದವರ ಕೈಯಿಂದಲೇ ಕೊಳ್ಳಲು ನೋಡಿ, ಬಣ್ಣ ಯಾವುದು ಎಂದು ಕೇಳಿ. ಅಕ್ಕಿ, ಮಣ್ಣಿನ ಬಣ್ಣವಾದರೆ ಒದ್ದೆ ಕೈ ತಾಗಿಸಬೇಡಿ. ಚೌಕಾಸಿ ಮಾಡುವ ಮುನ್ನ ಬುಟ್ಟಿಯ ಸುತ್ತು ಬಂದ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ಹುಡುಕಿ. ಸಿಗದಿದ್ದರೆ ಕೇಳಿದ ಬೆಲೆ ಕೊಡಿ.

ತಾವೇ ಕೈಯಾಡಿಸಬೇಕು ಎನ್ನುವವರು ದೊಡ್ಡ ಗೋಡೆಗೆ ಹೋಗುವುದು ಬೇಡ. ಹಳೆಯ ಬಿದಿರಿನ ಮೊರವೊಂದನ್ನು ತೆಗೆದುಕೊಳ್ಳಿ. ಸಗಣಿಗೆ ಒಂದಿಷ್ಟು ಜರಡಿ ಹಿಡಿದ ಮಣ್ಣು ಕಲಸಿ ಹೆಣಿಗೆಯ ಸಂದು ಮುಚ್ಚುವಷ್ಟು ಮೆತ್ತಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರಿಯುತ್ತದೆ. ಒಣಗಿದ ಮೇಲೆ ಕೆಮ್ಮಣ್ಣಿನ ತೆಳು ಕೆಸರು ಎರಡು ಕೈ ಬಳಿಯಿರಿ. ಹಿಂದಿನ ರಾತ್ರಿ ನೆನೆಹಾಕಿದ ಒಂದು ಹಿಡಿ ಅಕ್ಕಿಯನ್ನು ನುಣ್ಣಗೆ ಅರೆದು ತೆಳು ಬಟ್ಟೆಯಲ್ಲಿ ಸೋಸಿ. ಮೊರವನ್ನು ನಿಲ್ಲಿಸಿ ಒಂದು ಹನಿ ಇಟ್ಟು ನೋಡಿ. ಹನಿ ಜಾರಿದರೆ ಬಣ್ಣ ನೀರಾಗಿದೆ ಎಂದರ್ಥ, ಸ್ವಲ್ಪ ಹೊತ್ತು ಬಿಟ್ಟು ಮೇಲಿನ ತಿಳಿಯನ್ನು ಬಸಿಯಿರಿ. ಎಳೆಯುವಾಗ ಗೆರೆ ಮಾಸಲಾಗಿ ಕಂಡು ಮತ್ತೆ ಮತ್ತೆ ತೀಡಬೇಕೆನಿಸುತ್ತದೆ. ತೀಡಬೇಡಿ. ಅಕ್ಕಿಯ ಬಣ್ಣ ಹಸಿಯಾಗಿದ್ದಾಗ ಮಂಕು, ಒಣಗುತ್ತಾ ಬಿಳುಪೇರುತ್ತದೆ.